ಫೈವ್ ನೈನ್, ಇನ್ನೊಮ್ಮೆ ಹೇಳಿ

"ಇದು ನನ್ನ ಜಾಗ. ದಯವಿಟ್ಟು ಬಿಟ್ಟು ಹೋಗಿ."

ಅವಳು ಅವನ ಜೊತೆ ಆಡಿದ ಮೊದಲ ಮಾತು ಇದು. ಪ್ರೇಮಕಥೆ ಹೀಗೆ ಶುರುವಾಗಬಾರದು ಎಂದು ಯಾರಾದರೂ ಮೂಗು ಮುರಿಯಬಹುದು. ಏನು ಮಾಡುವುದು, ಶುರುವಾದದ್ದು ಹೀಗೆಯೇ.

ಅವಳು ಕನ್ನಡಕದಂಗಡಿಯ ಹುಡುಗಿ. ಅಂಗಡಿ ಸೋದರಮಾವನದು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಅಂಗಡಿ ಕಟ್ಟಡದ ಬುಡದಲ್ಲಿ, ಮನೆ ಅದೇ ಕಟ್ಟಡದ ಕೊನೆಯ ಮಹಡಿಯಲ್ಲಿ, ಅದರ ಮೇಲೆ ತಾರಸಿ. ತಾರಸಿಯಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಒಂದು ತಂತಿ. ಅತ್ತೆಯ ಕಣ್ಣಿಗೆ ಅದು ಬಟ್ಟೆ ಒಣಗಿಸಲು ಹೇಳಿ ಮಾಡಿಸಿದ ತಂತಿ. ಅವಳಿಗೆ ಅದು ಆಂಟೆನಾ.

ಸ್ವಂತಕ್ಕೊಂದು ರೇಡಿಯೊ ಇಟ್ಟುಕೊಂಡು, ಲೈಸೆನ್ಸ್ ಪಡೆದು, ಕಂಡರಿಯದ ಊರಿನ ಜನರ ಜೊತೆ ಮಾತಾಡುವ ಹವ್ಯಾಸವನ್ನು ಹ್ಯಾಮ್ ರೇಡಿಯೊ ಎನ್ನುತ್ತಾರೆ. ಆ ಗೀಳು ಹಚ್ಚಿದವರು ಮಾವ. ಅವರ ಕ್ಲಬ್ಬು ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸುತ್ತಿತ್ತು. ಬೆಳಗಿನಿಂದ ಸಂಜೆಯೊಳಗೆ ಯಾರು ಹೆಚ್ಚು ಜನರನ್ನು ಮಾತಾಡಿಸುತ್ತಾರೋ ಅವರಿಗೆ ಕಪ್. ಹರಟೆಗೆ ಅಲ್ಲಿ ಜಾಗವಿಲ್ಲ. ಎದುರಿನವರ ದನಿ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂದು ಎರಡು ಅಂಕಿಯಲ್ಲಿ ಹೇಳಬೇಕು, ಇದು ತಮ್ಮ ಎಷ್ಟನೆಯ ಸಂಪರ್ಕ ಎಂಬ ನಂಬರ್ ಕೊಡಬೇಕು, ಅವರದನ್ನು ಕೇಳಿ ಲಾಗ್ ಎನ್ನುವ ಪಟ್ಟಿಯಲ್ಲಿ ಬರೆದುಕೊಳ್ಳಬೇಕು, ಮುಂದಿನವರತ್ತ ಹೊರಡಬೇಕು.

ಒಳ್ಳೆಯ ಫ್ರೀಕ್ವೆನ್ಸಿ ಹಿಡಿದು ಕೂತು ಕರೆಯುತ್ತಿದ್ದರೆ ಜನ ತಾವಾಗಿ ಬರುತ್ತಾರೆ, ಸಂತೆಯಲ್ಲಿ ಮೂಲೆಯಂಗಡಿ ಸಿಕ್ಕಿದ ಹಾಗೆ. ಅಂಥ ಜಾಗವೊಂದನ್ನು ಅವಳು ಹಿಡಿದಿದ್ದಳು. ಅಷ್ಟರಲ್ಲಿ ತಾರಸಿಯಿಂದ ಅತ್ತೆ ಕೂಗಿದರು. ಒದ್ದೆ ಹೊದಿಕೆ ತಂತಿಯ ಮೇಲೆ ಬಿದ್ದು ತಂತಿ ಜೋತಿತ್ತು. ಸರಿಮಾಡಿ ಬರುವಷ್ಟರಲ್ಲಿ ಯಾರೋ ಗಂಡಸು ಅಲ್ಲಿ ಅಂಗಡಿ ತೆರೆದು ಕೂತಿದ್ದ.

"ಹೋಗೋಕೆ ಅಡ್ಡಿ ಇಲ್ಲ," ಎಂದಿತು ಆ ದನಿ, ಕ್ಷೀಣವಾಗಿ, ಆದರೆ ಒಂಚೂರೂ ಅವಸರವಿಲ್ಲದೆ. "ಆದ್ರೆ ಶುರು ಮಾಡೋ ಮೊದ್ಲು ಇಲ್ಲಿ ಯಾರಾದ್ರೂ ಇದ್ದೀರಾ ಅಂತ ಮತ್ತೆ ಮತ್ತೆ ಕೇಳ್ದೆ. ಉತ್ತರ ಬರ್ಲಿಲ್ಲ."

"ಎದ್ದು ಹೋಗಿದ್ದೆ."

"ಎದ್ದು ಹೋದ್ರೆ ಖಾಲಿ ಅಂತಾನೇ ಲೆಕ್ಕ. ರೂಲ್ಸ್ ಪ್ರಕಾರ ಫ್ರೀಕ್ವೆನ್ಸಿ ಯಾರಪ್ಪನ ಆಸ್ತಿನೂ ಅಲ್ಲ."

ಅವಳ ಕಿವಿ ಬಿಸಿಯಾಯಿತು. ರೂಲ್ಸ್ ಹೇಳಿಕೊಡೋಕೆ ಬಂದ, ದೊಡ್ಡ ಮನುಷ್ಯ...

"ಆದ್ರೂ ಬಿಡ್ತೀನಿ," ಎಂದ ಅವನು. "ಜಗಳ ಆಡೋ ಹೊತ್ತಲ್ಲಿ ಇಬ್ಬರಿಗೂ ನಾಲ್ಕು ಜನ ಸಿಗ್ತಾರೆ. ನಿಮಗೆ ಫೈವ್ ನೈನ್. ನಂಬರ್ ಬರ್ಕೊಳ್ಳಿ."

ಜಗಳದಲ್ಲೂ ಒಂದು ಪಾಯಿಂಟ್ ಗಿಟ್ಟಿಸಿಕೊಂಡು ಹೋದ. ಅವಳೂ ವಿಧಿಯಿಲ್ಲದೆ ಫೈವ್ ನೈನ್ ಎಂದು ತನ್ನ ನಂಬರ್ ಕೊಟ್ಟಳು.

ಈ ಫೈವ್ ನೈನ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮ್ಮ ದನಿ ಗಂಟೆ ಬಾರಿಸಿದ ಹಾಗೆ ಕೇಳಿಸುತ್ತಿದೆ ಎಂಬುದು ಅದರ ಅರ್ಥ. ಸ್ಪರ್ಧೆಯಲ್ಲಿ ಎಲ್ಲರೂ ಎಲ್ಲರಿಗೂ ಅದನ್ನೇ ಕೊಡುತ್ತಾರೆ, ನಿಜ ಅಳೆಯುತ್ತ ಕೂತರೆ ಹೊತ್ತು ಹಾಳು. ಅರ್ಧ ಮಾತೂ ಕೇಳಿಸದವನು ಸಹ "ಫೈವ್ ನೈನ್, ಏನಂದ್ರಿ, ಇನ್ನೊಮ್ಮೆ ಹೇಳಿ" ಎನ್ನುತ್ತಾನೆ. ಯಾರೂ ನಗುವುದಿಲ್ಲ. ಎಲ್ಲರೂ ಒಪ್ಪಿಕೊಂಡ ಸುಳ್ಳು ಅದು.

* * *

ಕೆಲವು ವಾರಗಳ ಮೇಲೆ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ಮಾವ ಒಬ್ಬರೇ ಇದ್ದರು. ಒಬ್ಬರೇ ಎಂದರೂ ತೂಕದಲ್ಲಿ ಇಬ್ಬರು.

ಲಿಫ್ಟ್ ರಿಪೇರಿಯವನು ಬಂದ. ತೆಳ್ಳಗಿನ ಆಳು, ಮೊಣಕೈವರೆಗೆ ಗ್ರೀಸು. ಬಾಗಿಲಿನ ಸಂದಿಗೆ ಬಾಯಿಟ್ಟು ಕೇಳಿದ. "ಒಳಗಿರೋರಿಗೆ ನನ್ನ ಮಾತು ಕೇಳಿಸ್ತಿದೆಯಾ?"

"ಫೈವ್ ನೈನ್ ಕೇಳಿಸ್ತಿದೆ. ಮೊದ್ಲು ಬಾಗ್ಲು ತೆಗಿಯಪ್ಪ."

ಅವನ ಕೈ ನಿಂತಿತು. ಪಕ್ಕದಲ್ಲಿ ಟಾರ್ಚು ಹಿಡಿದಿದ್ದ ಅವಳ ಕೈಯೂ ನಿಂತಿತು. ಆ ಅವಸರವಿಲ್ಲದ ದನಿ...

"ನೀವು ನನ್ನ ಜಾಗ ಕದ್ದೋರಲ್ವಾ?"

ಅವನು ತಿರುಗಿ ನೋಡಿದ. "ನೀವು ಎದ್ದು ಹೋದೋರಲ್ವಾ?"

"ಪರಿಚಯ ಆಮೇಲೆ ಮಾಡ್ಕೊಳ್ಳಿ," ಎಂದಿತು ಲಿಫ್ಟಿನ ಒಳಗಿನಿಂದ ಮಾವನ ದನಿ. "ನಾನಿನ್ನೂ ಇಲ್ಲೇ ಇದ್ದೀನಿ."

ಅವನ ಮನೆ ಗುಡ್ಡದಾಚೆಯ ಊರಿನಲ್ಲಿ. ಈ ಬೀದಿಯ ಕಟ್ಟಡಗಳ ಲಿಫ್ಟುಗಳೆಲ್ಲ ಅವನ ಪಾಲಿಗೆ ಬಂದಿದ್ದವು. ಆಮೇಲಿನ ತಿಂಗಳುಗಳಲ್ಲಿ ಆ ಲಿಫ್ಟು ಕೆಟ್ಟದ್ದು ಕಡಿಮೆ, ಅವನು ಅದನ್ನು ನೋಡಿಹೋಗಲು ಬಂದದ್ದು ಹೆಚ್ಚು. ಅತ್ತೆ ಒಂದು ದಿನ, "ಇಷ್ಟು ಆರೈಕೆ ನನ್ನ ಮಂಡಿಗೆ ಸಿಕ್ಕಿದ್ರೆ ನಾನು ಲಿಫ್ಟೇ ಹತ್ತುತ್ತಿರ್ಲಿಲ್ಲ" ಎಂದರು. ಅವಳು ಕೇಳಿಸದವಳಂತೆ ಗಾಜು ಉಜ್ಜಿದಳು.

ಭಾನುವಾರದ ಬೆಳಗ್ಗೆ ಇಬ್ಬರೂ ರೇಡಿಯೊದಲ್ಲಿ ಮಾತಾಡುತ್ತಿದ್ದರು. ಮಾತಾಡಲು ಹೆಣಗುತ್ತಿದ್ದರು ಎನ್ನುವುದೇ ಸರಿ. ಶಾರ್ಟ್‌ವೇವ್‌ನ ಸ್ವಭಾವ ವಕ್ರ. ದನಿ ಆಕಾಶಕ್ಕೆ ಹೋಗಿ, ಅಲ್ಲಿಂದ ಪುಟಿದು, ಬಹಳ ದೂರ ಹೋಗಿ ಇಳಿಯುತ್ತದೆ. ಕಡಲಾಚೆಯವನು ಪಕ್ಕದಲ್ಲಿ ಕೂತಂತೆ ಕೇಳಿಸುತ್ತಾನೆ. ಗುಡ್ಡದಾಚೆಯವನ ತಲೆಯ ಮೇಲಿಂದ ದನಿ ಹಾರಿಹೋಗುತ್ತದೆ.

"ಇಷ್ಟು ಹತ್ತಿರ ಇದ್ದೂ ನೀವೇ ನನಗೆ ಎಲ್ಲರಿಗಿಂತ ಕಮ್ಮಿ ಕೇಳಿಸೋದು," ಎಂದಿದ್ದಳು ಒಮ್ಮೆ.

"ಅದಕ್ಕೇ ನಾನು ಗಮನ ಇಟ್ಟು ಕೇಳೋದು," ಎಂದಿದ್ದ.

ಆ ಮಾತು ಅವಳ ತಲೆಯಲ್ಲಿ ವಾರವಿಡೀ ಉಳಿಯಿತು.

ಮುಂದಿನ ಸ್ಪರ್ಧೆಗೆ ಸ್ವಲ್ಪ ಮುಂಚೆ, ಮೆಟ್ಟಿಲ ತಿರುವಿನಲ್ಲಿ ಅವನು ಅವಳನ್ನು ನಿಲ್ಲಿಸಿದ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ಅಮ್ಮನ್ನ ಕರ್ಕೊಂಡು ಬಂದು ನಿಮ್ಮ ಮಾವನ ಹತ್ರ ಮಾತಾಡ್ಲಾ?"

ಅವಳ ಮನಸ್ಸು ಅವಸರಪಡಿಸಿತು. ಹೂಂ ಅನ್ನು... ಹೂಂ ಅಂದ್ಬಿಡು...

"ಸ್ಪರ್ಧೆ ಮುಗೀಲಿ," ಎಂದಳು. "ಆಮೇಲೆ ಹೇಳ್ತೀನಿ."

ಹೆಣ್ಣುಮಕ್ಕಳ ಬಿಗುಮಾನ ಎಂದುಕೊಳ್ಳಬೇಡಿ. ಆ ವರ್ಷ ಕಪ್ ಗೆದ್ದು, ಆ ಖುಷಿಯಲ್ಲೇ ಹೂಂ ಎನ್ನಬೇಕು ಎಂದು ಅವಳಿಗೆ ಆಸೆಯಿತ್ತು. ಅಷ್ಟೇ.

* * *

ಸ್ಪರ್ಧೆಯ ತೀರ್ಪುಗಾರರು ಮಾವ. ಅವರು ಲೆನ್ಸಿನ ಅಳತೆಯಲ್ಲಿ ಎಷ್ಟು ಖಡಕ್ಕೋ ಇದರಲ್ಲೂ ಅಷ್ಟೇ. ಎಲ್ಲರ ಲಾಗುಗಳನ್ನು ಕಂಪ್ಯೂಟರಿಗೆ ಹಾಕಿ ಒಂದಕ್ಕೊಂದು ತಾಳೆ ನೋಡಿದರು. ಫಲಿತಾಂಶವನ್ನು ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೇಳಿದರು.

"ನೀನು ಎರಡನೇದು. ಒಂದು ಸಂಪರ್ಕ ಎದುರಿನವರ ಲಾಗ್‌ನಲ್ಲಿ ಇಲ್ಲ."

ಯಾರನ್ನು ಮಾತಾಡಿಸಿದೆ ಎಂದು ನೀವು ಬರೆದಿರೋ ಅವರು ತಮ್ಮ ಲಾಗ್‌ನಲ್ಲಿ ನಿಮ್ಮನ್ನು ಬರೆದಿಲ್ಲದಿದ್ದರೆ ಆ ಸಂಪರ್ಕ ಹೋಗುತ್ತದೆ, ಜೊತೆಗೆ ದಂಡವೂ ಬೀಳುತ್ತದೆ. ಅವಳು ಸೋತದ್ದು ಅಷ್ಟರಲ್ಲೇ.

"ಯಾರ ಲಾಗ್‌ನಲ್ಲಿ ಇಲ್ಲ?"

ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಆಗಲೇ ಸ್ವಚ್ಛವಾಗಿತ್ತು. "ಗುಡ್ಡದಾಚೆ ಲಿಫ್ಟಿನವನದು."

"ಮೊದಲನೇದು ಯಾರು?"

"ಅವನೇ."

ಮಾರನೆಯ ದಿನ ಅವನು ಬಂದ. ಉತ್ತರ ಕೇಳಲು ಬಂದದ್ದು, ಶರಟು ಇಸ್ತ್ರಿ ಮಾಡಿಸಿಕೊಂಡು. ಅವಳು ಅದೇ ಮೆಟ್ಟಿಲ ತಿರುವಿನಲ್ಲಿ ಕಾಯುತ್ತಿದ್ದಳು.

"ಆ ದಿನ ನಾನು ನಿಮ್ಮನ್ನ ಮಾತಾಡಿಸಿದ್ದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ ಬರ್ಕೊಳ್ಲಿಲ್ಲ ಯಾಕೆ?"

"ನಿಮ್ಮ ನಂಬರ್ ನನಗೆ ಕೇಳಿಸ್ಲಿಲ್ಲ."

"ಆಮೇಲೆ ಒಂದು ಫೋನ್ ಮಾಡಿದ್ರೆ ಹೇಳ್ತಿದ್ದೆ."

"ಹಾಗೆ ಕೇಳೋ ಹಾಗಿಲ್ಲ. ರೇಡಿಯೊದಲ್ಲಿ ಕೇಳಿಸಿದ್ದಷ್ಟೇ ಬರೀಬೇಕು. ನಿಮಗೂ ಗೊತ್ತು."

"ಗೊತ್ತು. ಕೇಳಿಸದೇ ಇದ್ರೆ ಇನ್ನೊಮ್ಮೆ ಹೇಳಿ ಅನ್ನಬೇಕು, ಅದೂ ಗೊತ್ತು. ಅಂದ್ರಾ?"

"ಅಂದೆ."

"ನನಗಂತೂ ಕೇಳಿಸ್ಲಿಲ್ಲ," ಎಂದಳು. "ಕಪ್ ನಿಮ್ಮದಾಯ್ತಲ್ಲ, ಇನ್ನು ಏನು ಹೇಳಿದ್ರೂ ನಡೆಯತ್ತೆ. ನಿಮಗೆ ಉತ್ತರ ಬೇಕಲ್ವಾ? ಇಲ್ಲ ಅನ್ನೋದೇ ನನ್ನ ಉತ್ತರ."

"ಸರಿ," ಎಂದ ಅವನು. ಅಷ್ಟೇ ಹೇಳಿ ಮೆಟ್ಟಿಲಿಳಿದು ಹೋದ. ಲಿಫ್ಟಿನವನಾಗಿಯೂ ಲಿಫ್ಟು ಹತ್ತಲಿಲ್ಲ.

"ಗೆದ್ದವರು ಇಡೀ ದಿನದ ರೆಕಾರ್ಡಿಂಗ್ ನನಗೆ ಕೊಟ್ಟಿರ್ತಾರೆ," ಎಂದರು ಮಾವ, ಆ ಸಂಜೆ. "ನೀನು ಆಕ್ಷೇಪಣೆ ಅಂತ ಕೊಟ್ರೆ ಕೇಳಿಸಬಹುದು. ಕೊಡದೇ ಇದ್ರೆ ನಾನು ತುಟಿ ಬಿಚ್ಚೋ ಹಾಗಿಲ್ಲ."

"ನಾನೇನೂ ಕೇಳಬೇಕಿಲ್ಲ."

"ಸರಿ, ಬಿಡು," ಎಂದು ಮಾವ ಪೇಪರು ಹಿಡಿದರು. ಓದಿದಂತೆ ಕಾಣಲಿಲ್ಲ.

* * *

ಆಮೇಲೆ ಲಿಫ್ಟು ನೋಡಲು ಬೇರೊಬ್ಬ ಬರತೊಡಗಿದ. ಆ ಹೊಸಬ ಬಂದು ಹೋದ ಮೇಲೆ ಲಿಫ್ಟು ಹೆಚ್ಚು ಕಿರುಚುತ್ತಿತ್ತು.

ಭಾನುವಾರ ಬೆಳಗ್ಗೆ ಅವಳು ರೇಡಿಯೊ ಹಾಕಿ ಆ ಫ್ರೀಕ್ವೆನ್ಸಿಗೆ ಹೋಗುತ್ತಿದ್ದಳು. ಮೊದಲ ವಾರ ಅವನು ಕರೆದ, ಅವಳು ಬೇಕೆಂದೇ ಗುಂಡಿ ತಿರುಗಿಸಿದಳು. ಮುಂದಿನ ವಾರ ತಿರುಗಿಸಲು ಕೈಯಿಟ್ಟುಕೊಂಡು ಕಾದಳು. ಕರೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಅವಳಿಗೆ ಅಳು ಬಂತು, ಅದಕ್ಕೆ ಸಿಟ್ಟೂ ಬಂತು.

ಒಂದು ದಿನ ಗಿರಾಕಿಯೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಬಾಗಿಲಿನ ಬದಲು ಗೋಡೆಯತ್ತ ನಡೆದರು. ಅವಳು ಎಡಗಣ್ಣಿನ ಗಾಜನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದಳು. ಕೆಲಸ ಕಲಿತಂದಿನಿಂದ ಅಂಥ ತಪ್ಪು ಮಾಡಿರಲಿಲ್ಲ.

"ಸಿಟ್ಟಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರತ್ತಾ?" ಎಂದರು ಅತ್ತೆ, ಬಟ್ಟೆ ಮಡಿಸುತ್ತ, ಯಾರಿಗೂ ಅಲ್ಲ ಎಂಬಂತೆ. "ಮೂಗಿಲ್ಲದೆ ಕನ್ನಡಕ ಹೇಗೆ ನಿಲ್ಲತ್ತೋ, ಕನ್ನಡಕದಂಗಡಿಯವರೇ ಹೇಳಬೇಕು."

ಮರುದಿನ ಅವಳು ಮಾವನ ಮೇಜಿನ ಮುಂದೆ ನಿಂತಳು. "ಆಕ್ಷೇಪಣೆ ಇದೆ."

ಮಾವ ಬೆನ್ನು ನೆಟ್ಟಗೆ ಮಾಡಿಕೊಂಡರು. ಸೋದರಸೊಸೆ ಎಂಬ ಸಲಿಗೆ ಮುಖದಿಂದ ಮಾಯವಾಯಿತು. "ಆಕ್ಷೇಪಣೆ ಸಲ್ಲಿಸೋರು ಕೂತ್ಕೊಳ್ಳಿ," ಎಂದು ಹೆಡ್‌ಫೋನ್ ಕೊಟ್ಟರು.

ಮೊದಲು ಬರೀ ಗದ್ದಲ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಅದರ ತಳದಲ್ಲೆಲ್ಲೋ ಒಂದು ಹೆಣ್ಣುದನಿ. ಅದು ತನ್ನದೇ ಎಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಿತು. ತಾನು ಅವನಿಗೆ ಹೀಗೆ ಕೇಳಿಸುತ್ತೇನಾ... ಇಷ್ಟು ಕಡಿಮೆ...

"ಫೈವ್ ನೈನ್," ಎಂದಿತು ಅವಳ ದನಿ. ನಂಬರನ್ನು ಗದ್ದಲ ನುಂಗಿತು.

"ನಂಬರ್ ಇನ್ನೊಮ್ಮೆ ಹೇಳಿ," ಎಂದ ಅವನು.

"ಥ್ಯಾಂಕ್ಯೂ," ಎಂದಿತು ಅವಳ ದನಿ, ಅವಸರದಲ್ಲಿ. ಹೋಯಿತು.

"ಇನ್ನೊಮ್ಮೆ ನಂಬರ್, ದಯವಿಟ್ಟು." ಉತ್ತರವಿಲ್ಲ. ಅವನು ಅವಳನ್ನು ಕರೆದ. ಮತ್ತೆ ಕರೆದ. ಸರದಿಗೆ ಕಾಯುತ್ತಿದ್ದವರು ಗೊಣಗಿದರು. "ಬಿಡಿ ಸ್ವಾಮಿ, ಅವರು ಹೋದ್ರು. ನಮ್ಮನ್ನ ತಗೊಳ್ಳಿ."

"ಒಂಚೂರು ತಾಳಿ. ನಾನು ಬರ್ಕೊಳ್ದೇ ಇದ್ರೆ ಅವರಿಗೆ ಪೆಟ್ಟು ಬೀಳತ್ತೆ."

ಆಮೇಲೆ ಅವನು ಮಾಡಿದ್ದನ್ನು ಸ್ಪರ್ಧೆಯಲ್ಲಿ ಯಾರೂ ಮಾಡುವುದಿಲ್ಲ. ಅಷ್ಟು ಜನ ಕಾಯುತ್ತಿದ್ದ ಜಾಗ ಬಿಟ್ಟು ಅವಳನ್ನು ಹುಡುಕಿಕೊಂಡು ಹೊರಟ. ಸಿಕ್ಕಿದಳು. ಕರೆದ. ಅವಳ ಸುತ್ತ ಜೋರು ದನಿಯವರ ಗುಂಪು, ಅವನ ಕರೆ ಅವಳಿಗೆ ತಲುಪಲೇ ಇಲ್ಲ. ಒಂದು ಕ್ಷಣ ಗದ್ದಲ ಸರಿಯಿತು. ಅವಳು ಇನ್ಯಾರಿಗೋ ತನ್ನ ಮುಂದಿನ ನಂಬರ್ ಕೊಟ್ಟದ್ದು ಸ್ಪಷ್ಟವಾಗಿ ಕೇಳಿಸಿತು.

ಮಾವ ಅಲ್ಲಿಗೆ ನಿಲ್ಲಿಸಿದರು.

"ಇದರಲ್ಲಿ ಒಂದು ಕಳೆದ್ರೆ ನಿನ್ನ ನಂಬರ್ ಬರತ್ತೆ. ಹಾಗೆ ಕಳೆದು ಬರ್ಕೊಂಡಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ. ಅವನಿಗೂ ಪಾಯಿಂಟ್ ಬರ್ತಿತ್ತು, ನಿನಗೆ ಕಪ್ಪೇ ಬರ್ತಿತ್ತು."

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಅವಳಿಗೆ ನಾಚಿಕೆಯಾಯಿತು. ಇನ್ನೊಮ್ಮೆ ಹೇಳಿ ಎಂದದ್ದನ್ನು ಕೇಳಿಸಿಕೊಳ್ಳದೆ ಹೋದವಳು ತಾನು. ಮೆಟ್ಟಿಲ ತಿರುವಿನಲ್ಲೂ ಅದನ್ನೇ ಮಾಡಿದಳು. ಕೇಳಿಸದ್ದನ್ನು ಕೇಳಿಸಿತು ಎನ್ನಲು ಒಲ್ಲದ ಆ ಮನುಷ್ಯ ತನಗೆ ಬೇಕು, ಅದೊಂದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಆಕ್ಷೇಪಣೆ ತಿರಸ್ಕರಿಸಲಾಗಿದೆ," ಎಂದರು ಮಾವ. ಆಮೇಲೆ, ತೀರ್ಪುಗಾರರ ದನಿ ಬಿಟ್ಟು, "ಅಳಬೇಡ ಮಗು," ಎಂದರು.

* * *

ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅವಳೂ ಕೇಳಿಕೊಂಡಳು. ನಂಬರ್ ಒತ್ತಿ ಕಟ್ ಮಾಡಿದಳು. ಸಾರಿ ಎಂದು ಟೈಪ್ ಮಾಡಿ ಅಳಿಸಿದಳು. ಮುಖದ ಮೇಲೆ ಹೊಡೆದ ಹಾಗೆ ಇಲ್ಲ ಎಂದವಳು ಯಾವ ಬಾಯಲ್ಲಿ ಹೂಂ ಎನ್ನುವುದು? ಅವನಾದರೂ ಒಂದೇ ಮಾತಿಗೆ ಸರಿ ಎಂದುಬಿಟ್ಟನಲ್ಲ. ಬೇಡವಾಯಿತೋ ಏನೋ... ಹೀಗೆ ಹಿಂದೆ ಮುಂದೆ ನೋಡುತ್ತಲೇ ಮತ್ತೆ ಸ್ಪರ್ಧೆಯ ದಿನ ಬಂತು.

ಬೆಳಗ್ಗೆ ಅವನನ್ನು ಹುಡುಕಿ ಕರೆದಳು. ಅವನು ನಂಬರ್ ಕೊಟ್ಟ, ಅವಳದನ್ನು ತೆಗೆದುಕೊಂಡ. "ಬಂತು, ಥ್ಯಾಂಕ್ಯೂ." ಅಪರಿಚಿತರಿಗೆ ಹೇಳುವ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಅವಳ ಜಾಗದಲ್ಲಿ ಜನ ಮುಗಿಬಿದ್ದಿದ್ದರು. ಅಂಥ ಹೊತ್ತು ಸ್ಪರ್ಧೆಯಲ್ಲಿ ಒಮ್ಮೆ ಬರುತ್ತದೆ, ನೀರು ಕುಡಿಯಲೂ ಯಾರೂ ಏಳುವುದಿಲ್ಲ. ಈ ವರ್ಷ ಕಪ್ ಅವಳದೇ ಎಂದು, ಅಂಗಡಿಯಿಂದ ಮೇಲೆ ಬಂದು ಇಣುಕಿಹೋದ ಮಾವನ ಮುಖವೇ ಹೇಳಿತ್ತು.

ಅವಳು ಗುಂಡಿ ತಿರುಗಿಸಿದಳು. ಜಾಗ ಬಿಟ್ಟಳು. ಅವನ ಗುಂಪಿನಲ್ಲಿ ಸರದಿ ನಿಂತು ಅವನನ್ನು ಕರೆದಳು.

ಒಮ್ಮೆ ಮಾತಾಡಿಸಿದವರನ್ನು ಅದೇ ಸ್ಪರ್ಧೆಯಲ್ಲಿ ಮತ್ತೆ ಮಾತಾಡಿಸಿದರೆ ಪಾಯಿಂಟ್ ಸೊನ್ನೆ. ಹಾಗೆ ಯಾರಾದರೂ ಮರೆತು ಬಂದರೆ ವಾದ ಮಾಡದೆ ನಂಬರ್ ಕೊಟ್ಟು ಕಳಿಸಬೇಕು, ಬಲ್ಲವರ ಪದ್ಧತಿ ಅದು. ಅವನೂ ಹಾಗೇ ಮಾಡಿದ. "ಫೈವ್ ನೈನ್. ನನ್ನ ನಂಬರ್..."

"ನಂಬರ್ ಬೇಡ," ಎಂದಳು. "ಮೆಟ್ಟಿಲ ಹತ್ರ ನೀವು ಕೇಳಿದ್ರಲ್ಲ, ಅದಕ್ಕೆ ಉತ್ತರ ಹೇಳೋಕೆ ಬಂದೆ. ಆವತ್ತು ತಪ್ಪು ಹೇಳಿದ್ದೆ. ರೆಕಾರ್ಡಿಂಗ್ ಕೇಳ್ದೆ. ನನ್ನ ಉತ್ತರ ಹೂಂ."

ಗದ್ದಲ. ಬರೀ ಗದ್ದಲ.

"ಉತ್ತರ ಹೇಳೋಕೆ ಬಂದೆ ಅನ್ನೋವರೆಗೆ ಬಂತು," ಎಂದ ಅವನು. ಆ ಅವಸರವಿಲ್ಲದ ದನಿಗೂ ಈಗ ಅವಸರ ಬಂದಿತ್ತು. "ಆಮೇಲಿಂದು ಇನ್ನೊಮ್ಮೆ ಹೇಳಿ."

"ಹೂಂ ಅಂದೆ."

"ಇನ್ನೊಮ್ಮೆ."

"ಒಪ್ಪಿಗೆ ಅಂದೆ. ಅಮ್ಮನ್ನ ಕರ್ಕೊಂಡು ಬನ್ನಿ ಅಂದೆ."

"ಕ್ಷಮಿಸಿ... ಇನ್ನೊಮ್ಮೆ."

ಅಷ್ಟರಲ್ಲಿ ಕಡಲಾಚೆಯಿಂದ ವಯಸ್ಸಾದ ದನಿಯೊಂದು ಮಧ್ಯೆ ಬಂತು. "ನನಗೆ ಅವರು ಫೈವ್ ನೈನ್ ಕೇಳಿಸ್ತಿದ್ದಾರಪ್ಪ, ನಿಜವಾದ ಫೈವ್ ನೈನ್. ಅವರೇನಂದ್ರು ನಾನು ಹೇಳ್ಲಾ?"

"ಬೇಡ ಸರ್," ಎಂದ ಅವನು. "ಬೇರೆಯವರು ದಾಟಿಸಿದ್ದು ಲೆಕ್ಕಕ್ಕಿಲ್ಲ. ಅವರಿಂದಲೇ ಕೇಳಬೇಕು."

ಸರದಿಯಲ್ಲಿದ್ದವರೆಲ್ಲ ಕರೆಯುವುದನ್ನು ನಿಲ್ಲಿಸಿ ಅವಳಿಗೆ ದಾರಿ ಬಿಟ್ಟರು. ದೂರದ ಊರುಗಳಲ್ಲಿ ಕೂತವರಿಗೆಲ್ಲ ಅವಳ ಉತ್ತರ ಗೊತ್ತಾಗಿತ್ತು. ಗೊತ್ತಾಗಬೇಕಾದ ಒಬ್ಬನಿಗೆ ಮಾತ್ರ ಗೊತ್ತಾಗಿರಲಿಲ್ಲ. ಅವಳು ಬಿಟ್ಟುಬಂದ ಜಾಗವನ್ನು ಇಷ್ಟು ಹೊತ್ತಿಗೆ ಯಾರೋ ಹಿಡಿದಿದ್ದರು. ಹಿಡಿಯಲಿ.

ಕಳೆದ ಸಲದ ಹಾಗೆ ಅವಳು ಥ್ಯಾಂಕ್ಯೂ ಎಂದು ಹೊರಡಲಿಲ್ಲ. ಮೈಕನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಒಪ್ಪಿಗೆ ಎಂದಳು. ಮತ್ತೆ ಹೇಳಿದಳು. ಮತ್ತೆ.

"ಇದರ ಬದ್ಲು ತಾರಸಿಯಿಂದ ಕೂಗಿದ್ರೆ ಗುಡ್ಡದಾಚೆ ಕೇಳಿಸ್ತಿತ್ತು," ಎಂದರು ಬಾಗಿಲಲ್ಲಿ ನಿಂತ ಅತ್ತೆ. ಅವರ ಕಂಕುಳಲ್ಲಿ ಒದ್ದೆ ಬಟ್ಟೆಯ ರಾಶಿಯಿತ್ತು. ಅಂದು ಒಣಹಾಕಿರಲಿಲ್ಲ.

ಎಷ್ಟು ಸಲ ಹೇಳಿದಳೋ ಅವಳಿಗೂ ನೆನಪಿಲ್ಲ. ಗದ್ದಲ ಒಮ್ಮೆ ಇಳಿಯಿತು.

"ಬಂತು," ಎಂದ ಅವನು.

ಯಾರೋ ಫೈವ್ ನೈನ್ ಎಂದರು. ಇನ್ಯಾರೋ ಎಂದರು. ಗುಂಪಿನಲ್ಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಫೈವ್ ನೈನ್ ಎಂದರು. ಅದು ಅವರಿಗೆ ಗೊತ್ತಿದ್ದ ಆಶೀರ್ವಾದ. ಅಂಗಡಿಯಲ್ಲಿ ಸಣ್ಣ ರೇಡಿಯೊಗೆ ಕಿವಿಯಿಟ್ಟು ಕೂತಿದ್ದ ತೀರ್ಪುಗಾರರು, ಸ್ಪರ್ಧೆಯ ನಡುವೆ ವೈಯಕ್ತಿಕ ಮಾತಾಡಿದ್ದಕ್ಕೆ ಶಿಕ್ಷೆ ಏನಾದರೂ ಇದೆಯೇ ಎಂದು ನೆನಪಿಸಿಕೊಳ್ಳಲು ನೋಡಿದರು. ಕಣ್ಣು ಮಂಜಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು.

"ನಿಜ ಹೇಳಿ," ಎಂದಳು ಅವಳು ಮೆಲ್ಲಗೆ. "ಎಷ್ಟು ಕೇಳಿಸ್ತು?"

"ನಿಜ ಹೇಳಬೇಕಂದ್ರೆ... ತ್ರೀ ತ್ರೀ. ತುಂಬಾ ಕಷ್ಟದಲ್ಲಿ."

"ಇನ್ನೊಮ್ಮೆ ಹೇಳ್ಲಾ?"

"ಬೇಡ. ಪೂರ್ತಿ ಕೇಳಿಸ್ತು," ಎಂದ. "ಬರ್ಕೊಂಡೆ."